14 ವರ್ಷ ಜೈಲಲ್ಲಿದ್ದು ಬಂದವರು, ದುರ್ಗದ ಸುತ್ತ ಗುಡ್ಡ-ಬಯಲು: ಎಲ್ಲಿಂದ ಶುರು ಮಾಡೋದು?

ಕೇಳಿದವರು: ಖುಷ್ಕಿ_ಹೊಲ

ನಮ್ಮ ಸೋದರಮಾವ, 52 ವರ್ಷ. ಸೆಂಟ್ರಲ್ ಜೈಲಿನಲ್ಲಿ 14 ವರ್ಷದ ಮೇಲೆ ಇದ್ದು, ಸನ್ನಡತೆ ಮೇಲೆ ಅವಧಿಗೆ ಮುಂಚೆ ಬಿಡುಗಡೆಯಾಗಿ ಈ ನವೆಂಬರಲ್ಲಿ ಮನೆಗೆ ಬಂದಿದ್ದಾರೆ. ಊರು ಚಿತ್ರದುರ್ಗ ತಾಲ್ಲೂಕು, 2 ಎಕರೆ ಖುಷ್ಕಿ ಇದೆ. ಊಟಕ್ಕೆ ತೊಂದರೆ ಇಲ್ಲ. ಆದರೆ ಬೆಳಗಿಂದ ಸಂಜೆ ತನಕ ಪಡಸಾಲೆ ಬಿಟ್ಟು ಕದಲಲ್ಲ. ಬಾಯಲ್ಲಿ ಮಾತ್ರ "ಒಂದ್ಸಲ ಗುಡ್ಡ ಹತ್ತಿ ಗಾಳಿಗೆ ನಿಂತ್ಕೋಬೇಕು" ಅಂತಿರ್ತಾರೆ.

ಬರೋ ಭಾನುವಾರ ಎಲ್ಲರೂ ಸೇರಿ ಕೋಟೆಗೆ, ಅಲ್ಲಿಂದ ಜೋಗಿಮಟ್ಟಿಗೆ ಕರ್ಕೊಂಡು ಹೋಗೋಣ ಅಂತ ಮನೆಯವರ ಲೆಕ್ಕ. ಒಂದೇ ದಿನಕ್ಕೆ ಅಷ್ಟು ಸರಿಯಾ? ಇಷ್ಟು ವರ್ಷ ಹೆಚ್ಚು ನಡೆಯದ ಕಾಲಿಗೆ ಎಷ್ಟು ನಡೆಸಬಹುದು? ಕಾಗದಪತ್ರದ ತಕರಾರು ಏನಾದ್ರೂ ಬರುತ್ತಾ? ಗೊತ್ತಿರೋರು ಹೇಳಿ.

---

ಕಂದಕ:

ಮೊದಲು ಬಿಡುಗಡೆ ಆದೇಶ ಓದಿ, ಗುಡ್ಡ ಆಮೇಲೆ.

"ಜೈಲಿಂದ ಬಂದರು" ಅನ್ನೋದರಲ್ಲಿ ನಾಲ್ಕು ಥರ ಇದೆ. ಜಾಮೀನು, ಪೆರೋಲ್, ಅವಧಿಗೆ ಮುಂಚೆ ಬಿಡುಗಡೆ, ಪೂರ್ತಿ ಶಿಕ್ಷೆ ಮುಗಿದು ಬಿಡುಗಡೆ. ಕೊನೆಯದರಲ್ಲಿ ಮನುಷ್ಯ ಎಲ್ಲಿ ಬೇಕಾದ್ರೂ ಓಡಾಡಬಹುದು. ಜಾಮೀನಾದ್ರೆ ಕೋರ್ಟು ಹಾಕಿದ ಎಲ್ಲೆ, ಠಾಣೆಗೆ ಸಹಿ ಹಾಕೋ ದಿನ ನೋಡಬೇಕು. ಪೆರೋಲ್ ಆದ್ರೆ ಆದೇಶದಲ್ಲಿ ಬರೆದ ವಿಳಾಸ ಬಿಟ್ಟು ರಾತ್ರಿ ಬೇರೆ ಕಡೆ ಉಳಿಯೋಕೆ ಹೋಗಬೇಡಿ. ನಿಮ್ಮ ಮಾವನವರದು ಮೂರನೇದು. ಸರ್ಕಾರ ಶಿಕ್ಷೆ ಮಾಫಿ ಮಾಡುವಾಗ ಷರತ್ತು ಹಾಕಿದ್ದು, ಆ ಷರತ್ತು ಮುರಿದರೆ ಮಾಫಿ ರದ್ದಾಗಬಹುದು. ಆಗ ವಾರಂಟ್ ಇಲ್ಲದೇ ಹಿಡಿದು ಉಳಿದ ಶಿಕ್ಷೆಗೆ ವಾಪಸ್ ಕಳಿಸೋಕೂ ಅವಕಾಶ ಇದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 432ನೇ ಕಲಂ ಇದ್ದದ್ದು ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 473. ಬಾಂಡ್‌ನಲ್ಲಿ, ಅಂದ್ರೆ ಬಿಡುಗಡೆಗೆ ಬರೆದುಕೊಟ್ಟ ಮುಚ್ಚಳಿಕೆಯಲ್ಲಿ, ಬರೆದಿರೋದನ್ನ ಸಾಲು ಸಾಲು ಓದಿಸಿ. ಜಿಲ್ಲೆ ದಾಟೋಕೆ ತಿಳಿಸಬೇಕಾ, ಠಾಣೆಗೆ ಯಾವಾಗ ಹೋಗಬೇಕು, ಯಾರ ಹತ್ತಿರ ಹೋಗಬಾರದು, ಎಲ್ಲ ಅಲ್ಲೇ ಇರುತ್ತೆ.

ಇನ್ನು ಕಾಡಿನ ವಿಷಯ. ಎಲ್ಲರೂ ಎಡವೋದು ಇಲ್ಲೇ. ಜೋಗಿಮಟ್ಟಿ ಈಗ ವನ್ಯಜೀವಿಧಾಮ. ದಾವಣಗೆರೆ ಜಿಲ್ಲೆ ಜಗಳೂರು ಕಡೆಯ ರಂಗಯ್ಯನದುರ್ಗವೂ ಹಾಗೇ, ಕೊಂಡುಕುರಿಗೆ (ನಾಲ್ಕು ಕೊಂಬಿನ, ಜಿಂಕೆಯಂಥ ಪ್ರಾಣಿ) ಅಂತ ಮಾಡಿದ್ದು. ಅನುಮತಿ ಇಲ್ಲದೇ ಒಳಗೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆ 27ನೇ ಕಲಂ ತಗಲುತ್ತೆ. ಬೆಂಕಿ ಹಚ್ಚಿದ್ರೆ, ಸೀತಾಫಲ ಕಿತ್ತು ಚೀಲಕ್ಕೆ ತುಂಬಿದ್ರೆ ಅದು ಬೇರೆ ಕೇಸು. ನಿಮಗೆ ದಂಡ ಕಟ್ಟಿ ಮುಗಿಯೋ ವಿಷಯ ಅವರಿಗೆ ಹಾಗೆ ಮುಗಿಯದೇ ಹೋಗಬಹುದು. ಹಾಗಾಗಿ ಜೋಗಿಮಟ್ಟಿಗೆ ಹೋಗೋದಾದ್ರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿ, ಗೇಟಲ್ಲಿ ಹೆಸರು ಬರೆಸಿ, ರಸ್ತೆ ಬಿಟ್ಟು ಇಳೀಬೇಡಿ. "ಎಲ್ಲರೂ ಹೋಗ್ತಾರಲ್ಲ" ಅನ್ನೋ ಮಾತು ಅವರ ಲೆಕ್ಕಕ್ಕೆ ಬರಲ್ಲ.

ಜೇಬಲ್ಲಿ ಆಧಾರ್, ಬಿಡುಗಡೆ ಪತ್ರದ ಜೆರಾಕ್ಸ್. ಅಸಲನ್ನ ಮನೆಯಲ್ಲೇ ಇಡಿ. ನಿರ್ಜನ ಜಾಗದಲ್ಲಿ ಬೀಟ್ ಪೊಲೀಸರು ಹೆಸರು ಕೇಳಿದ್ರೆ ತೋರಿಸಿದರಾಯ್ತು.

---

ಬಿಳಿಚೋಡು_ದಾರಿ:

ಕಾಲಿನ ಬಗ್ಗೆ ನಾನು ಹೇಳ್ತೀನಿ.

ಬ್ಯಾರಕ್‌ನಲ್ಲಿ ನೆಲ ಸಮತಟ್ಟು, ಗಟ್ಟಿ. ಕಾಲಲ್ಲಿ ಹವಾಯಿ ಚಪ್ಪಲಿ. ಹತ್ತಾರು ವರ್ಷ ಹಂಗೇ ನಡೆದ ಪಾದಕ್ಕೆ ಉಂಗುಷ್ಟ ಕಚ್ಚಿ ಹಿಡಿಯೋ ಅಭ್ಯಾಸ ಬಂದಿರುತ್ತೆ, ಹಿಮ್ಮಡಿ ಒಡೆದಿರುತ್ತೆ, ಕಣಕಾಲು ಪಕ್ಕಕ್ಕೆ ವಾಲೋದನ್ನ ಮರೆತಿರುತ್ತೆ. ದುರ್ಗದ ಗುಡ್ಡ ಅಂದ್ರೆ ಬಂಡೆ, ಅದರ ಮೇಲೆ ಸಣ್ಣ ಜಲ್ಲಿಯಂಥ ಕೊರಕಲು ಮಣ್ಣು. ಹತ್ತುವಾಗ ಏನೂ ಆಗಲ್ಲ, ಏದುಸಿರು ಬಂದ್ರೆ ಕೂರ್ತಾರೆ ಅಷ್ಟೇ. ಜಾರೋದು ಇಳಿಯುವಾಗ. ತೊಡೆ ಸ್ನಾಯು ಸೋತು ಮಂಡಿ ನಡುಗುತ್ತೆ, ಹಿಮ್ಮಡಿ ಇಟ್ಟ ಕಡೆ ಜಲ್ಲಿ ಉರುಳುತ್ತೆ. ಹಾಗಾಗಿ ಭಾನುವಾರದ ಕಾರ್ಯಕ್ರಮ ಬಿಟ್ಟುಬಿಡಿ.

ಮೊದಲ ನಾಲ್ಕು ದಿನ ಮನೆಯಿಂದ ಹೊಲಕ್ಕೆ, 20 ನಿಮಿಷ. ಬಂಡಿದಾರಿ ಇದ್ರೆ ಒಳ್ಳೇದು, ಡಾಂಬರು ಬೇಡ. ಮೂರು ದಿನಕ್ಕೊಮ್ಮೆ 5 ನಿಮಿಷ ಏರಿಸಿ. ಹೀಗೆ ಹೋದ್ರೆ ನಾಲ್ಕನೇ ವಾರಕ್ಕೆ ಮುಕ್ಕಾಲು ಗಂಟೆ ದಾಟುತ್ತೆ. ನಡೀತಾ ಮಾತಾಡೋಕೆ ಆಗಬೇಕು, ಅದೇ ಅಳತೆ. ಆಮೇಲೆ ಹೊಲದ ಬದು, ಹಳ್ಳದ ದಂಡೆ, ಏರಿಳಿತ ಇರೋ ಜಾಗ. ಬಂಡೆ ಐದನೇ ವಾರಕ್ಕೆ.

ಶೂ ತಗೊಳ್ಳುವಾಗ ಸಂಜೆ ಹೊತ್ತು ಹೋಗಿ. ಆಗ ಪಾದ ಉಬ್ಬಿರುತ್ತೆ, ಅಳತೆ ಸರಿ ಸಿಗುತ್ತೆ. ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಬಿಡಿ, ಇಲ್ಲಾಂದ್ರೆ ಇಳಿಯುವಾಗ ಉಗುರು ಕಪ್ಪಾಗುತ್ತೆ. ತಳ ಹಲ್ಲು ಹಲ್ಲು ಇರಲಿ. ಮೂರು ದಿನ ಮನೆಯೊಳಗೆ ಹಾಕಿ ಓಡಾಡಿದ ಮೇಲೇ ಹೊರಗೆ. ಕಾಲುಚೀಲ ಕಡ್ಡಾಯ. ಬೊಬ್ಬೆ ಎದ್ರೆ ಒಡೀಬೇಡಿ.

ನೀರು: ಈಗಿನ ಚಳಿಗೆ ಎರಡು ಗಂಟೆ ನಡಿಗೆಗೆ 1 ಲೀಟರ್ ಸಾಕು. ಮಾರ್ಚಿಂದ 2 ಲೀಟರ್, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಓಆರ್‌ಎಸ್ ಪ್ಯಾಕೆಟ್ ಇದ್ರೆ ಅದರ ಮೇಲೆ ಬರೆದಷ್ಟೇ ನೀರು, ದೊಡ್ಡ ಪ್ಯಾಕೆಟ್ಟಿಗೆ 1 ಲೀಟರ್. ಅರ್ಧ ಲೋಟಕ್ಕೆ ಪೂರ್ತಿ ಸುರಿದು ಕುಡಿಸೋದು ತಪ್ಪು.

ಅದಕ್ಕೂ ಮುಂಚೆ ಒಂದ್ಸಲ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಗೆ ಹೋಗಿಬನ್ನಿ. ಬಿಪಿ, ಸಕ್ಕರೆ, ಕಣ್ಣು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ರೆ ಕಫ ಪರೀಕ್ಷೆ ಬಿಡಲೇಬೇಡಿ. ಒತ್ತೊತ್ತಾಗಿ ಮಲಗೋ ಬ್ಯಾರಕ್‌ಗಳಲ್ಲಿ ಕ್ಷಯ ಹರಡೋದು ಸುಲಭ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಜೈಲಿನ ಆಸ್ಪತ್ರೆಯಲ್ಲಿ ಮಾತ್ರೆ ತಗೋತಿದ್ರೆ ಆ ಚೀಟಿ ಹುಡುಕಿ ತಗೊಂಡು ಹೋಗಿ. ಹೊರಗೆ ಬಂದ ಮೊದಲ ತಿಂಗಳಲ್ಲೇ ಬಹಳ ಜನಕ್ಕೆ ಬಿಪಿ ಮಾತ್ರೆ ನಿಂತುಹೋಗೋದು.

---

ಒನಕೆ_ಕಿಂಡಿ:

ಕಾಗದ, ಕಾಲು ಆಯ್ತು. ಕೋಟೆ ಯಾಕೆ ಮೊದಲು ಬೇಡ ಅಂತ ಯಾರೂ ಹೇಳಲಿಲ್ಲ.

ಯೋಚನೆ ಮಾಡಿ ನೋಡಿ. ಏಳು ಸುತ್ತಿನ ಕೋಟೆ. ಒಳಗೆ ಹೋಗಬೇಕಾದ್ರೆ ಒಂದಾದ ಮೇಲೊಂದು ಬಾಗಿಲು. ಶತ್ರು ಆನೆ, ಕುದುರೆ ಸಮೇತ ನೇರ ನುಗ್ಗಬಾರದು ಅಂತ ದಾರಿಯನ್ನ ಬೇಕಂತಲೇ ಸೊಟ್ಟ ಮಾಡಿ ಎರಡೂ ಕಡೆ ಎತ್ತರದ ಕಲ್ಲುಗೋಡೆ ಎಬ್ಬಿಸಿದ್ದಾರೆ. ಹತ್ತು ಹೆಜ್ಜೆ ಮುಂದೆ ಏನಿದೆ ಕಾಣಲ್ಲ. ಬಾಗಿಲಲ್ಲಿ ಟಿಕೆಟು, ಖಾಕಿ ಬಟ್ಟೆ. ಸಂಜೆ ಆದ್ರೆ ಸೀಟಿ ಊದಿ "ನಡೀರಿ, ನಡೀರಿ" ಅಂತ ಹೊರಗೆ ಅಟ್ಟೋದು. ನಮಗೆ ಅದು ಮದಕರಿ ನಾಯಕನ ಕೋಟೆ, ಓಬವ್ವನ ಕಿಂಡಿ. 14 ವರ್ಷ ಗೋಡೆ ನೋಡಿ ಬಂದವರಿಗೆ ಇನ್ನೊಂದು ಗೋಡೆ. ಎಲ್ಲರಿಗೂ ಹಾಗೇ ಆಗುತ್ತೆ ಅಂತಲ್ಲ. ಆದರೆ ಮೊದಲ ಸಲಕ್ಕೇ ಯಾಕೆ ಆ ಪರೀಕ್ಷೆ? ಎರಡು ತಿಂಗಳು ಬಿಟ್ಟು ಅವರೇ ಕೇಳಿದಾಗ, ಜನ ಕಡಿಮೆ ಇರೋ ವಾರದ ದಿನ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಮೇಲೆ ಏಕನಾಥೇಶ್ವರಿ ಗುಡಿ, ಹೊಂಡಗಳ ಕಡೆ ಹೋದ್ರೆ ಜಾಗ ಬಿಚ್ಚಿಕೊಳ್ಳುತ್ತೆ. ಕಿಂಡಿ ಒಳಗೆ ನುಸುಳೋದು ಅವರಿಗೆ ಬಿಟ್ಟಿದ್ದು, ಫೋಟೋಗೋಸ್ಕರ ಬಲವಂತ ಬೇಡ.

ಮೊದಲ ಜಾಗ ಚಂದ್ರವಳ್ಳಿ ಅಂತ ನನ್ನ ಮತ. ಚಿತ್ರದುರ್ಗ ಪೇಟೆಯಿಂದ ಮೂರು ಕಿಲೋಮೀಟರ್ ಆಸುಪಾಸು. ಚಿತ್ರದುರ್ಗ ಗುಡ್ಡ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವಿನ ಕಣಿವೆ, ಅದರಲ್ಲೊಂದು ಕೆರೆ. ಭೈರವೇಶ್ವರ ಗುಡಿ ಪಕ್ಕದ ಬಂಡೆಯಲ್ಲಿ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನ ಇದೆ, ನಾಲ್ಕನೇ ಶತಮಾನದ್ದು. ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಆಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿದ್ದು ಇಲ್ಲೇ. ಶಾಸನದ ವಿಷಯ ಅವರು ಕೇಳಿದ್ರೆ ಹೇಳಿ, ಪಾಠ ಮಾಡೋಕೆ ಹೋಗಬೇಡಿ.

ಕೂರೋ ಜಾಗ ಹೇಗೆ ಆರಿಸಬೇಕು ಅಂದ್ರೆ: ಬೆನ್ನಿಗೆ ಬಂಡೆ, ಎದುರಿಗೆ ಬಯಲು. ಜೈಲಲ್ಲಿ ಬೆನ್ನ ಹಿಂದೆ ಯಾರು ಬರ್ತಾರೆ ಅನ್ನೋ ಎಚ್ಚರದಲ್ಲೇ ಬದುಕಿದವರು ನಟ್ಟನಡು ಮೈದಾನದಲ್ಲಿ ಕೂತರೆ ತಿರುಗಿ ತಿರುಗಿ ನೋಡ್ತಾರೆ. ಬೆನ್ನಿಗೆ ಕಲ್ಲು ಸಿಕ್ಕಿದ್ರೆ ಕಣ್ಣು ನೆಟ್ಟಗೆ ದೂರಕ್ಕೆ ಹೋಗುತ್ತೆ. ಅಲ್ಲಿ ಅಂಥ ಬಂಡೆಗಳಿಗೆ ಬರ ಇಲ್ಲ. ನೆಲ ಒಮ್ಮೆ ಕೋಲಿಂದ ಬಡಿದು, ಸಂದಿ ನೋಡಿ ಕೂರಿ. ಅಲ್ಲೇ ಇರೋ ಅಂಕಲಿ ಮಠದ ಗುಹೆಗೆ ಈಗಲೇ ಇಳಿಸಬೇಡಿ. ಕತ್ತಲು, ತಗ್ಗು ಬಾಗಿಲು, ಒಂದರೊಳಗೊಂದು ಕೋಣೆ. ಕೋಟೆಗೆ ಹೇಳಿದ ಕಾರಣವೇ ಅಲ್ಲಿಗೆ ಎರಡು ಪಟ್ಟು.

ಬೆಳಿಗ್ಗೆ 7ರ ಮೇಲೆ ಹೋಗಿ, ಬೆಳಕು ಚೆನ್ನಾಗಿ ಹರಿದ ಮೇಲೆ. ಸೀತಾಫಲದ ಕಾಲದಲ್ಲಿ ನಸುಕು, ಮುಸ್ಸಂಜೆ ಎರಡೂ ಹೊತ್ತು ಕರಡಿಯದು. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಗೊತ್ತು, ತಿಂಡಿಯನ್ನ ಬಟ್ಟೆ ಚೀಲದಲ್ಲಿ ಒಳಗಿಡಿ. ಬಂಡೆಗಳ ಮೇಲ್ಭಾಗದಲ್ಲಿ ಹೆಜ್ಜೇನು ಕಟ್ಟಿದ್ರೆ ಅದರ ಕೆಳಗೆ ಬೀಡಿ ಹಚ್ಚೋದು, ಕೂಗೋದು ಬೇಡ. ಸೆಂಟು ಹಾಕ್ಕೊಂಡು ಬರೋದೂ ಬೇಡ.

ಇಬ್ಬರೇ ಹೋಗಿ. ಎಂಟು ಜನ ಸುತ್ತುವರಿದು ಕರ್ಕೊಂಡು ಹೋದ್ರೆ ಅದೂ ಒಂಥರಾ ಎಸ್ಕಾರ್ಟೇ.

---

ಖುಷ್ಕಿ_ಹೊಲ:

ಭಾನುವಾರದ್ದು ಕೈಬಿಟ್ವಿ. ಬಾಂಡ್ ಓದಿಸಿದ್ವಿ, ತಿಂಗಳಿಗೊಂದು ಸಲ ಠಾಣೆಗೆ ಹೋಗಿ ಬರಬೇಕು. ಜಿಲ್ಲೆಯೊಳಗೆ ಓಡಾಡೋಕೆ ತಡೆ ಇಲ್ಲ. ದಿನಾ ಹೊಲಕ್ಕೆ ನಡೀತಿದ್ದಾರೆ, 25 ನಿಮಿಷ.

ಎರಡು ವಿಷಯ ಅರ್ಥ ಆಗ್ತಿಲ್ಲ. ಹೊಲದ ಬೇಲಿಗೆ ಒಂದು ತಡಿಕೆ ಬಾಗಿಲಿದೆ, ಬರೀ ಹಗ್ಗದ ಕುಣಿಕೆ. ಮಾವ ಅಲ್ಲಿಗೆ ಬಂದು ನಿಂತುಬಿಡ್ತಾರೆ, ನಾನು ತೆಗೆಯೋ ತನಕ ಕಾಯ್ತಾರೆ. ಇನ್ನೊಂದು, ಸಂಜೆ ಐದೂವರೆ ಆಗ್ತಿದ್ದ ಹಾಗೆ ಚಡಪಡಿಸ್ತಾರೆ, ಮನೆಗೆ ಹೋಗೋಣ ಅಂತಾರೆ. ಹೆದರಿಕೆನಾ, ಕಾಯಿಲೆನಾ?

---

ಒನಕೆ_ಕಿಂಡಿ:

ಎರಡೂ ಕಾಯಿಲೆಯಲ್ಲ, ಅಭ್ಯಾಸ. ಒಳಗೆ ಯಾವ ಬಾಗಿಲನ್ನೂ ಕೈದಿ ತಾನಾಗಿ ತೆಗೆಯೋ ಹಾಗಿಲ್ಲ. ಮುಟ್ಟಿದ್ರೇ ತಪ್ಪು. ಸಂಜೆ ಎಣಿಕೆ ಮಾಡಿ, ಕತ್ತಲಾಗೋ ಮುಂಚೆ ಬೀಗ ಹಾಕ್ತಾರೆ. ಇವತ್ತಿನ ಸೂರ್ಯಾಸ್ತ ನಮ್ಮಲ್ಲಿ 6 ಗಂಟೆಗೆ ಸ್ವಲ್ಪ ಮುಂಚೆ. ಐದೂವರೆಗೆ ಅವರ ಮೈಗೆ ಬೀಗದ ಹೊತ್ತು.

ತಡಿಕೆಗೆ ಮದ್ದು ಸುಲಭ. ನೀವು ಅವರ ಹಿಂದೆ ನಡೀರಿ, ಮುಂದೆ ಬೇಡ. ಬುತ್ತಿ, ನೀರಿನ ಕ್ಯಾನು ಎರಡೂ ನಿಮ್ಮ ಕೈಯಲ್ಲಿರಲಿ. "ಮಾವ, ಕೈ ಖಾಲಿ ಇಲ್ಲ, ಸ್ವಲ್ಪ ತೆಗೀರಿ" ಅನ್ನಿ. "ನೀವೇ ಯಾಕೆ ತೆಗೀಬಾರದು" ಅಂತ ಕೇಳಬೇಡಿ, ನಾಚಿಕೆ ಆಗುತ್ತೆ. ದಾರಿ ಕವಲೊಡೆದ ಕಡೆ ನಿಂತು ಸುಮ್ಮನಿರಿ, ಎಡಕ್ಕೋ ಬಲಕ್ಕೋ ಅವರೇ ತಿರುಗಲಿ. ತಪ್ಪು ದಾರಿ ಹಿಡಿದ್ರೂ ಹಿಂದೆ ಹೋಗಿ, ಹೆಚ್ಚೆಂದ್ರೆ ಅರ್ಧ ಫರ್ಲಾಂಗು ಸುತ್ತಾಗುತ್ತೆ. ಬೇಕಿದ್ದ ಬಿಡುಗಡೆ ಜೋಗಿಮಟ್ಟಿ ತುದಿಯಲ್ಲಿಲ್ಲ ಕಣ್ರಿ, ಆ ಕವಲಲ್ಲಿದೆ.

ಸಂಜೆಯದಕ್ಕೆ ಹಟ ಹಿಡಿಯಬೇಡಿ. ಮೊದಲು ಅಂಗಳ. ಆಮೇಲೆ ಮಾಳಿಗೆ. ಸಂಜೆ ಬೀಗ ಬಿದ್ದರೆ ಬೆಳಿಗ್ಗೆ ತನಕ ಆಕಾಶ ಅಂದ್ರೆ ಕಂಬಿ ಸಂದಿಯಲ್ಲಿ ಕಂಡಷ್ಟೇ. ಈಗ ಕಾಲ ಚೆನ್ನಾಗಿದೆ, ಮೋಡ ಕಡಿಮೆ. ಅಮಾವಾಸ್ಯೆ ಹಿಂದೆಮುಂದೆ ನಾಲ್ಕು ದಿನ ಆರಿಸಿ. ಕತ್ತಲಾದ ಮೇಲೆ ಪೂರ್ವಕ್ಕೆ ಕೃತ್ತಿಕೆಯ ಗೊಂಚಲು ಮೇಲೇರಿರುತ್ತೆ, ಅದರ ಹಿಂದೆ ರೋಹಿಣಿ. ಎಂಟೂವರೆ, ಒಂಬತ್ತರ ಹೊತ್ತಿಗೆ ಮೃಗಶಿರದ ಮೂರು ಚುಕ್ಕಿ ಸಾಲಾಗಿ ಎದ್ದುಬರುತ್ತೆ. ಊರಲ್ಲಿ ಬೆಳೆದವರಿಗೆ ಇವು ಗೊತ್ತಿರ್ತಾವೆ, ಬಹುಶಃ ಅವರೇ ನಿಮಗೆ ತೋರಿಸ್ತಾರೆ. ಬೀದಿ ದೀಪ ಕಣ್ಣಿಗೆ ಬೀಳದ ಮೂಲೆ ಹಿಡಿಯಿರಿ, ಮೊಬೈಲ್ ಒಳಗಿಡಿ. ಕಣ್ಣು ಕತ್ತಲಿಗೆ ಹೊಂದೋಕೆ 20 ನಿಮಿಷ ಬೇಕು. ಕಂಬಳಿ ಮರೀಬೇಡಿ. ಕೆಳಗಿಳಿಯೋ ಬಾಗಿಲು ತೆರೆದೇ ಇರಲಿ, ಚಿಲಕದ ಸದ್ದು ಬೇಡ.

ನಿದ್ದೆ ಪೂರ್ತಿ ಕೆಟ್ಟರೆ, ಬದುಕು ಬೇಡ ಅನ್ನೋ ಮಾತು ಬಂದ್ರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನೂ ನೋಡಬಹುದು.

---

ಬಾತಿ_ಗುಡ್ಡ (ದಾವಣಗೆರೆ):

ಎಲ್ಲಾ ಸರಿ ಐತ್ರಿ, ಆದ್ರೆ ಬರೀ ಅಡ್ಡಾಡೋದರಾಗ ಎಷ್ಟು ದಿನ? ಸುಮ್ಮನೆ ಕೂತು ಬಯಲು ನೋಡ್ರಿ ಅಂದ್ರೆ ವಾರಕ್ಕೆ ಬೇಜಾರಾಗ್ತದ. ಕೈಗೆ ಕೆಲಸ ಕೊಡ್ರಿ, ಹೊರಗೆ ಮಾಡೋ ಕೆಲಸ. ಈಗ ಸೀತಾಫಲದ ಕಡೇ ಹಣ್ಣು ಸಂತೆಗೆ ಬರ್ತಾವ. ತಿಂದು ಬೀಜ ಇಟ್ಕೊಳ್ಳಿ. ತೊಳೆದು ನೆರಳಲ್ಲಿ ಒಣಗಿಸಿ, ಒಂದು ದಿನ ನೀರಾಗ ನೆನೆಸಿ, 5×8 ಇಂಚಿನ ಪಾಲಿಥೀನ್ ಚೀಲಕ್ಕೆ ಎರಡೆರಡು ಬೀಜ. ಮಣ್ಣು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ. ಆಳ ಅರ್ಧ ಇಂಚು, ಜಾಸ್ತಿ ಹೋದ್ರೆ ಮೇಲೆ ಬರಂಗಿಲ್ಲ. ಚೀಲದ ತಳದಾಗ ನಾಲ್ಕು ತೂತು ಇರಲಿ, ನೀರು ನಿಂತ್ರೆ ಬೀಜ ಕೊಳೀತದ.

ಚಳಿಗೆ ಮೊಳಕೆ ತಡ, ತಿಂಗಳ ಮೇಲೂ ಹಿಡೀಬಹುದು. ಹದಿನೈದು ದಿನಕ್ಕೆ "ಸತ್ತೋಗ್ಯಾವ" ಅಂತ ಸುರಿದುಬಿಡಬ್ಯಾಡ್ರಿ. ಬಿಸಿಲು ಬೀಳೋ ಗೋಡೆ ಬುಡಕ್ಕೆ ಇಡ್ರಿ. ಬೀಜ ಅರೆದು ಪುಡಿ ಮಾಡಬಾರದು, ಆ ಪುಡಿ ಕಣ್ಣಿಗೆ ಬಿದ್ರೆ ಭಾಳ ಅಪಾಯ. ಜೂನ್ ಮಳೆಗೆ ಒಂದೂವರೆ ಅಡಿ ಗುಂಡಿ ತೆಗೆದು ಬದುವಿನ ಮೇಲೆ ನಾಟಿ. ಆಡು ಸೀತಾಫಲದ ಸೊಪ್ಪಿಗೆ ಬಾಯಿ ಹಾಕೋದು ಅಪರೂಪ, ಖುಷ್ಕಿ ಬದುವಿಗೆ ಅದಕ್ಕೇ ಒಳ್ಳೇದು. ದಿನಾ ಬೆಳಿಗ್ಗೆ ನೀರು ಹಾಕೋ ನೆಪ ಇದ್ರೆ ಪಡಸಾಲೆ ಬಿಡ್ತಾರ.

ನೀರು ಇರೋ ಜಾಗ ಬೇಕಂದ್ರೆ ನಮ್ಮ ಕಡೆ ಕೊಂಡಜ್ಜಿ ಕೆರೆ, ಸುತ್ತ ಗುಡ್ಡ, ಗದ್ದಲ ಕಮ್ಮಿ. ಸೂಳೆಕೆರೆ ಇನ್ನೂ ದೊಡ್ಡದು, ಆ ಕಡೆ ದಂಡೆ ಮಸುಕಾಗಿ ಕಾಣೋವಷ್ಟು. ಜಿಲ್ಲೆ ದಾಟ್ತೀರಿ, ಬಾಂಡ್ ಇನ್ನೊಮ್ಮೆ ನೋಡ್ಕೊಳ್ಳಿ. ನಿಮ್ಮ ಜಿಲ್ಲೆಯಾಗೇ ಅಂದ್ರೆ ವಾಣಿ ವಿಲಾಸ ಸಾಗರ, ಅದೇ ಮಾರಿಕಣಿವೆ. 1907ರಲ್ಲಿ ಮುಗಿದ ಕಟ್ಟೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ರೆ ಮತ್ತೆ ಬಿದ್ದದ್ದು 2022ರಾಗ. ಅವರು ಒಳಗಿದ್ದಾಗ ಆದದ್ದು. ಆ ಕೆರೆ ಈಗ ನೋಡ್ಲಿ. ಈಜೋಕೆ ಮಾತ್ರ ಇಳಿಸಬ್ಯಾಡ್ರಿ. ಈಜು ಮರೆಯಲ್ಲ ಅಂತಾರ, ಉಸಿರು ಮರೀತದ. ಕಟ್ಟೆ ಹಿನ್ನೀರಿನಾಗ ಕೆಸರು ಎಲ್ಲಿ ಐತಿ ಗೊತ್ತಾಗಂಗಿಲ್ಲ.

---

ಬಿಳಿಚೋಡು_ದಾರಿ:

ಹಾವಿಂದು ಬಿಟ್ಟುಹೋಗಿತ್ತು. ಚಳಿಗಾಲದ ಬೆಳಿಗ್ಗೆ ಹಾವು ಬಿಸಿಲು ಕಾಯೋಕೆ ಬಂಡೆ ಮೇಲೆ, ಬದುವಿನ ಕಲ್ಲಿನ ಮೇಲೆ ಬರುತ್ತೆ. ಕೊಳಕುಮಂಡಲ ಓಡಲ್ಲ, ಅಲ್ಲೇ ಸುತ್ತಿಕೊಂಡಿರುತ್ತೆ, ಒಣ ಎಲೆ ಬಣ್ಣ. ಕಲ್ಲು ಎತ್ತುವಾಗ ಬೆರಳು ಸಂದಿಗೆ ಹಾಕದೇ ಕೋಲು ಅಥವಾ ಗುದ್ದಲಿಯಿಂದ ತನ್ನ ಕಡೆಗೆ ಮಗುಚಬೇಕು, ಆಗ ಒಳಗಿದ್ದದ್ದು ಆ ಕಡೆ ಹೋಗುತ್ತೆ. ಕಚ್ಚಿದ್ರೆ ಹಗ್ಗ ಬಿಗಿಯೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಉಂಗುರ, ಉಡಿದಾರ, ಗಡಿಯಾರ ತೆಗೆದು, ಆ ಕೈಯೋ ಕಾಲೋ ಅಲ್ಲಾಡದ ಹಾಗೆ ದಬ್ಬೆ ಕಟ್ಟಿ, 108ಕ್ಕೆ ಫೋನ್ ಮಾಡಿ ನೇರ ಜಿಲ್ಲಾಸ್ಪತ್ರೆಗೆ. ನಡೆಸಿಕೊಂಡು ಹೋಗಬೇಡಿ.

ಕತ್ತಲಲ್ಲಿ ಮಾಳಿಗೆ ಹತ್ತೋರಿಗೆ ಇನ್ನೊಂದು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಮಡಿಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಮೆಟ್ಟಿಲೂ ಕಾಣುತ್ತೆ, ಚುಕ್ಕಿಯೂ ಮಾಯ ಆಗಲ್ಲ.

---

ಖುಷ್ಕಿ_ಹೊಲ:

ಜಿಲೇಟಿನ್ ಸಿಗಲಿಲ್ಲ, ಕೆಂಪು ಬಲೂನ್ ಹರಿದು ಕಟ್ಟಿದ್ದೀವಿ, ನಡೆಯುತ್ತೆ. 40 ಚೀಲಕ್ಕೆ ಬೀಜ ಹಾಕಿದ್ದಾರೆ ಮಾವ. ತಳದ ತೂತು ನಾಲ್ಕು ಸಾಲಲ್ಲ ಅಂತ ಆರು ಮಾಡಿದ್ದಾರೆ, ಪರವಾಗಿಲ್ವಾ?

---

ಬಾತಿ_ಗುಡ್ಡ (ದಾವಣಗೆರೆ):

ಆರು ಆದ್ರೂ ಅಡ್ಡಿಯಿಲ್ರಿ. ದಿನ ಬಿಟ್ಟು ದಿನ ಹಾಕೋ ನೀರನ್ನ ದಿನಾ ಸ್ವಲ್ಪ ಸ್ವಲ್ಪ ಹಾಕ್ಲಿ.